ಇದೊಂದು ಬಿಟ್ಟು

ತೋರುಬೆರಳಿಗೆ ಅಂಟಿದ್ದ ಕಪ್ಪು ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ಪುಕ್ಕಲಿ ಒದ್ದೆ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿಕೊಂಡು, ಸತ್ತವರ ಮುಖ ನೋಡದೆ, ಅವರ ಬೆರಳನ್ನಷ್ಟೇ ನೋಡುತ್ತ ತಿಕ್ಕಿದಳು.

"ಸಾಕು ಬಿಡೇ, ಚರ್ಮ ಕಿತ್ತು ಬಂದೀತು," ಎಂದಳು ಅಡುಗೆ ಸಿಸ್ಟರ್, ಸತ್ತವರ ತಲೆವಸ್ತ್ರಕ್ಕೆ ಪಿನ್ನು ಚುಚ್ಚುತ್ತ. "ಇಷ್ಟು ಮಸಿಗೇ ದೇವರು ಮುಖ ತಿರುಗಿಸೋದಾದ್ರೆ, ನನ್ನ ಕೈ ನೋಡಿ ಬಾಗಿಲೇ ತೆಗೆಯಲ್ಲ."

ಪುಕ್ಕಲಿಗೆ ನಗು ಬರಲಿಲ್ಲ.

ಕನ್ಯಾಮಠದಲ್ಲಿ ಎಲ್ಲರಿಗಿಂತ ಕಿರಿಯವಳು ಅವಳು. ಹಗ್ಗ ಕಂಡರೆ ಹಾವು ಎನ್ನುವ ಜಾತಿ. ಪುಕ್ಕಲಿ ಎಂಬ ಹೆಸರನ್ನು ಅವಳಿಗೆ ಇಟ್ಟವರೇ ಈಗ ಮುಂದೆ ಮಲಗಿದ್ದರು. ಅವರನ್ನು ಊರೆಲ್ಲ ಗಟ್ಟಿಗಿತ್ತಿ ಸಿಸ್ಟರ್ ಎನ್ನುತ್ತಿತ್ತು. ಮಠದ ಆಸ್ಪತ್ರೆಯ ಜ್ವರದ ವಾರ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ಡಾಕ್ಟರುಗಳೇ ಹಿಂದೆಮುಂದೆ ನೋಡುವ ಬಾಗಿಲನ್ನು ಬೆಳಿಗ್ಗೆ ಐದೂವರೆಗೆ ತಳ್ಳಿಕೊಂಡು ಹೋಗುತ್ತಿದ್ದರು. ಎಡಗಣ್ಣನ್ನು ಅಲ್ಲೇ ಒಂದು ಜ್ವರಕ್ಕೆ ಕೊಟ್ಟು, ಮೂರು ವಾರಕ್ಕೆ ಮತ್ತೆ ಅದೇ ಬಾಗಿಲು ತಳ್ಳಿದ್ದರು.

ಆ ವಾರ್ಡು ಇನ್ನು ಪುಕ್ಕಲಿಯದು. ಭಾನುವಾರ ಅವಳ ಕಡೆಯ ವ್ರತ, ಅಂದರೆ ಸಾಯುವವರೆಗೆ ಮಠಕ್ಕೇ ಸೇರಿದವಳೆಂಬ ಪ್ರಮಾಣ; ಸೋಮವಾರದಿಂದ ವಾರ್ಡು ಎಂದು ಮಠದ ಮುಖ್ಯಸ್ಥೆ ಮದರ್ ಹೇಳಿಯಾಗಿತ್ತು. ಒಲ್ಲೆ ಎನ್ನುವುದಾದರೆ ಭಾನುವಾರದೊಳಗೆ ಎನ್ನಬೇಕು. ಒಲ್ಲೆ ಎಂದರೆ ಮಠದಲ್ಲಿ ಉಳಿಯುವಂತಿಲ್ಲ, ಟ್ರಂಕು ಎತ್ತಿಕೊಂಡು ಹೊರಡಬೇಕು. ಅವಳ ತಾಯಿ ಜ್ವರದಲ್ಲೇ ಹೋದದ್ದು. ಏಳು ವರ್ಷದ ಅವಳನ್ನು ಬಾಗಿಲ ಹೊರಗೆ ಕೂರಿಸಿದ್ದರು, ಒಳಗಿನ ಸದ್ದು ಮಾತ್ರ ಕೇಳಿಸುತ್ತಿತ್ತು.

ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಗಟ್ಟಿಗಿತ್ತಿಯ ತಮ್ಮ ಬಂದಿದ್ದ. ದರ್ಜಿ, ಅರವತ್ತು ದಾಟಿದವನು, ತಾನೇ ಹೊಲಿದ ಬಿಳಿ ಅಂಗಿ ತೊಟ್ಟಿದ್ದ. ಅಕ್ಕನ ಪಾದದ ಬಳಿ ಬಹಳ ಹೊತ್ತು ನಿಂತ.

"ಹೋಗುವಾಗ ಹತ್ತಿರ ಯಾರಿದ್ರಮ್ಮ?"

"ಇವಳೇ," ಎಂದಳು ಅಡುಗೆ ಸಿಸ್ಟರ್.

"ಕೈ ಹಿಡ್ಕೊಂಡಿದ್ಯಾ ಮಗಾ?"

"ಹೂಂ," ಎಂದಳು ಪುಕ್ಕಲಿ.

"ಸದ್ಯ," ಎಂದು ಅವನು ಅಲ್ಲೇ ಬೆಂಚಿನ ಮೇಲೆ ಕುಸಿದ. "ಅದೊಂದೇ ಯೋಚನೆಯಾಗಿತ್ತು ನನಗೆ. ಅಕ್ಕನಿಗೆ ಒಂಟಿಯಾಗಿರೋದಂದ್ರೆ ಚಿಕ್ಕಂದಿನಿಂದ ಜೀವ ಹೋಗೋಷ್ಟು ಹೆದರಿಕೆ. ಹಿತ್ತಲಿಗೆ ಹೋಗ್ಬೇಕಾದ್ರೂ ನಾನು ಜೊತೆಗೆ ಬೇಕು. ನಾಲ್ಕು ವರ್ಷದವನು ನಾನು, ಚಡ್ಡಿ ಜಾರಿ ಬೀಳ್ತಿತ್ತು, ಇವಳಿಗೆ ಕಾವಲು!"

"ನಮ್ಮ ಗಟ್ಟಿಗಿತ್ತಿಗಾ?" ಅಡುಗೆ ಸಿಸ್ಟರ್ ಪಿನ್ನು ಬಾಯಲ್ಲಿ ಇಟ್ಟುಕೊಂಡೇ ನಕ್ಕಳು. "ನಂಬೋ ಮಾತು ಹೇಳಪ್ಪ."

"ಅಮ್ಮ ಹೋದಾಗ ಬರಲಿಲ್ಲ ಇವಳು. ವಾರ್ಡಿಗೆ ಬೀಗ ಹಾಕಿದಾರೆ, ಯಾರೂ ಹೊರಗೆ ಬರೋ ಹಾಗಿಲ್ಲ ಅಂತ ಕಾಗದ ಬಂತು. ಆರು ವರ್ಷ ಮಾತು ಬಿಟ್ಟಿದ್ದೆ." ಅವನು ಪುಕ್ಕಲಿಯತ್ತ ಕೈಮುಗಿದ. "ನೀನಿದ್ಯಲ್ಲ. ಅಷ್ಟು ಸಾಕು."

ಪುಕ್ಕಲಿ ಬಕೆಟ್ಟು ಎತ್ತಿಕೊಂಡು ಹಿಂದಿನ ಬಾಗಿಲಿಂದ ಹೊರಗೆ ಹೋದಳು. ನೀರು ಅರ್ಧ ಅವಳ ಕಾಲ ಮೇಲೇ ಚೆಲ್ಲಿತು.

*

ನಿನ್ನೆ ಗಟ್ಟಿಗಿತ್ತಿಯ ಕೋಣೆಗೆ ಕಳಿಸುವಾಗ ಮದರ್ ಹೇಳಿದ್ದು ಒಂದೇ ಮಾತು: "ಪಕ್ಕದಲ್ಲಿ ಕೂತಿರು."

ಮೂರು ಗಂಟೆಯವರೆಗೆ ಕೂತಿದ್ದಳು. ಆಮೇಲೆ ಉಸಿರಿನ ಸದ್ದು ಬದಲಾಯಿತು. ಒಂದು ಎಳೆದು, ಬಹಳ ಹೊತ್ತು ಬಿಟ್ಟು ಇನ್ನೊಂದು. ಅಮ್ಮನ ಬಾಗಿಲ ಹಿಂದೆ ಕೇಳಿದ್ದ ಅದೇ ಸದ್ದು. ನೀರು ತರುವ ನೆಪ ಹೇಳಿ, ಕುರ್ಚಿಯನ್ನೂ ಎತ್ತಿಕೊಂಡು ಎದ್ದಳು. ನೀರಿಗೆ ಹೋಗುವವಳಿಗೆ ಕುರ್ಚಿ ಯಾಕೆ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಬಾಗಿಲ ಹೊರಗೆ ಗೋಡೆಗೆ ಒತ್ತಿ ಕುರ್ಚಿ ಹಾಕಿ ಕೂತುಬಿಟ್ಟಳು.

"ಪುಕ್ಕಲಿ..." ಒಳಗಿಂದ ಕರೆ ಬಂತು. "ಇದ್ದೀಯಾ?"

"ಇದ್ದೀನಿ ಸಿಸ್ಟರ್. ಇಲ್ಲೇ ಇದ್ದೀನಿ."

ಏಳಬೇಕು ಎಂದುಕೊಂಡಳು. ಕುರ್ಚಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತೇ ಇದ್ದಳು. ಒಳಗೆ ಹಾಸಿಗೆ ಸರಿದ ಸದ್ದು, ಕಾಗದದ ಸರಪರ. ಸ್ವಲ್ಪ ಹೊತ್ತಿಗೆ ಏನೋ ನೆಲಕ್ಕೆ ಬಿದ್ದು ಉರುಳಿತು. ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ, ಯಾರಾದರೂ ನೋಡಿಯಾರು ಎಂಬ ಭಯಕ್ಕೆ ಒಳಗೆ ಹೋದಳು. ಸದ್ದು ನಿಂತಿತ್ತು. ಮಂಚದ ಕೆಳಗೆ ಒಂದು ಪೆನ್ಸಿಲಿನ ಮೋಟು ಬಿದ್ದಿತ್ತು. ಅದನ್ನು ಯಾಕೆ ಎತ್ತಿ ಜೇಬಿಗೆ ಹಾಕಿಕೊಂಡಳೋ ಅವಳಿಗೇ ತಿಳಿಯದು.

*

ಹನ್ನೊಂದಕ್ಕೆ ಶವದ ಪೆಟ್ಟಿಗೆ ಬಂತು. ಇಳಿಸಿ ಮಲಗಿಸಿಯಾಯಿತು. ಮುಚ್ಚಳಕ್ಕೆ ಮೊಳೆ ಹೊಡೆಯಲು ಬಡಗಿಯನ್ನು ಕರೆಯಲೆಂದು ಅಡುಗೆ ಸಿಸ್ಟರ್ ಹೊರಟಳು. "ಕಾಗದ ಮರೀಬೇಡ," ಎಂದು ಬಾಗಿಲಿಂದ ಕೂಗಿ ಹೇಳಿದಳು.

ಅದು ಆ ಮಠದ ಪದ್ಧತಿ. ಕಡೆಯ ವ್ರತದ ದಿನ ಪ್ರತಿಯೊಬ್ಬಳ ಕೈಗೂ ಒಂದು ಖಾಲಿ ಹಾಳೆ ಕೊಡುತ್ತಾರೆ. ಕೆಳತುದಿಯಲ್ಲಿ ರುಜು ಹಾಕಬೇಕು. ಮೇಲೆ ಏನೂ ಬರೆಯುವಂತಿಲ್ಲ, ಬರೆಯುವವನು ದೇವರು; ಅವನೇನು ಬರೆದರೂ ಒಪ್ಪಿಗೆ ಎಂದು ಆ ರುಜುವಿನ ಅರ್ಥ. ಲಕೋಟೆಗೆ ಹಾಕಿ ಅಂಟಿಸಿ ಸಾಯುವವರೆಗೆ ತನ್ನಲ್ಲೇ ಇಟ್ಟುಕೊಂಡರೆ, ಸತ್ತ ಮೇಲೆ ಅದು ಕೈಯ ಕೆಳಗೆ ಹೋಗುತ್ತದೆ. ಬೇರೆ ಯಾರೂ ತೆರೆಯಬಾರದು.

ಗಟ್ಟಿಗಿತ್ತಿಯ ಲಕೋಟೆ ದಿಂಬಿನಡಿ ಸಿಕ್ಕಿತು. ಅದರ ಬಾಯಿ ಹಿಟ್ಟಿನ ಅಂಟು ಪದರ ಪದರವಾಗಿ ಒಣಗಿ ರಟ್ಟಿನಂತಾಗಿತ್ತು. ಎಷ್ಟೋ ಸಲ ಬಿಚ್ಚಿ ಎಷ್ಟೋ ಸಲ ಅಂಟಿಸಿದ್ದು. ಈಗ ಮಾತ್ರ ಅಂಟಿಸಿರಲಿಲ್ಲ, ಹಾಳೆ ಅರ್ಧ ಹೊರಗೆ ಚಾಚಿಕೊಂಡಿತ್ತು. ನೆಟ್ಟಗೆ ಒಳಗೆ ತಳ್ಳೋಣವೆಂದು ಹೊರಗೆಳೆದಳು.

ಹಾಳೆ ಖಾಲಿ ಇರಲಿಲ್ಲ.

ಪುಕ್ಕಲಿ ಅದನ್ನು ಬೆಳಕಿಗೆ ಹಿಡಿದಳು. ಸಾಲುಗಳು, ಪೆನ್ಸಿಲಿನವು. ಒಂದೊಂದರ ಮೇಲೂ ಅಡ್ಡಗೆರೆ, ಗೆರೆಯ ಪಕ್ಕದಲ್ಲಿ ಹೊಸ ರುಜು.

ಜ್ವರದ ವಾರ್ಡ್ ಒಂದು ಬಿಟ್ಟು.

ಅಮ್ಮನ ಕಡೆಗಾಲಕ್ಕೆ ಹೋಗದಿರುವುದೊಂದು ಬಿಟ್ಟು.

ಕಣ್ಣೊಂದು ಬಿಟ್ಟು.

ಹೆದರಿ ಹೆದರಿ ಬರೆದು, ಆಮೇಲೆ ಸ್ಕೇಲು ಇಟ್ಟು ಹೊಡೆದುಹಾಕಿದ್ದು. ಬೆಳಿಗ್ಗೆ ಐದೂವರೆಗೆ ಬಾಗಿಲು ತಳ್ಳುತ್ತಿದ್ದ ಆ ಗಟ್ಟಿ ಕೈ, ಮೊದಲ ಸಲ ವಾರ್ಡಿಗೆ ಹೋಗುವ ಹಿಂದಿನ ದಿನ ಇದನ್ನು ಬರೆದಿತ್ತೇ? ಮೂವತ್ತೊಂದು ವರ್ಷ ಈ ಹೆಂಗಸು ಯಾರಿಗೂ ಹೇಳದೆ ಹೆದರುತ್ತಿದ್ದರೇ?

ಕೊನೆಯ ಸಾಲು ಎಲ್ಲಕ್ಕಿಂತ ಕೆಳಗಿತ್ತು.

ಸಾಯುವಾಗ ಒಬ್ಬಳೇ ಇರುವುದೊಂದು ಬಿಟ್ಟು.

ಅದಕ್ಕೂ ಅಡ್ಡಗೆರೆ ಇತ್ತು. ಸ್ಕೇಲು ಇಟ್ಟದ್ದಲ್ಲ. ಅಂಕುಡೊಂಕಾಗಿ ಹೊರಟು, ಹಾಳೆಯ ಅಂಚು ದಾಟಿ ಹೋಗಿತ್ತು. ಪಕ್ಕದಲ್ಲಿ ರುಜು ಇರಲಿಲ್ಲ.

ಪುಕ್ಕಲಿ ಪೆಟ್ಟಿಗೆಯೊಳಗೆ ಪೆನ್ಸಿಲಿನ ಸೀಸ ಅಂಟಿ ಕಪ್ಪಾದ ಬೆರಳನ್ನು ನೋಡಿದಳು. ಕೊನೆಗೂ ಮುಖ ನೋಡಿದಳು. ತಾನು ಇಲ್ಲೇ ಇದ್ದೀನಿ ಎಂದದ್ದು ಬಾಗಿಲ ಹೊರಗಿಂದ ಎನ್ನುವುದು ಒಳಗಿದ್ದವರಿಗೆ ಗೊತ್ತಾಗಿತ್ತು. ಗೊತ್ತಾಗಿ, ಇನ್ನೊಮ್ಮೆ ಕರೆಯದೆ, ಪೆನ್ಸಿಲು ಹುಡುಕಿಕೊಂಡಿದ್ದರು.

ಹಾಳೆಯನ್ನು ಮಡಿಸಿ ಆ ಕೈಗಳ ಕೆಳಗೆ ಇಟ್ಟಳು. ಬಡಗಿ ಸುತ್ತಿಗೆ ಹಿಡಿದು ಬಂದ, ಹಿಂದೆಯೇ ದರ್ಜಿ.

"ತಡೀರಿ," ಎಂದಳು. ದನಿ ಯಾರದೋ ಎಂಬಂತಿತ್ತು. "ನಾನು ಸುಳ್ಳು ಹೇಳಿದೆ. ಒಳಗಿರಲಿಲ್ಲ ನಾನು. ಹೆದರಿಕೊಂಡು ಬಾಗಿಲ ಹೊರಗೆ ಕೂತಿದ್ದೆ."

ದರ್ಜಿ ಅವಳನ್ನೇ ನೋಡಿದ. "ಕರೆದಳಾ?"

"ಕರೆದ್ರು. ಹೊರಗಿಂದಲೇ ಇದ್ದೀನಿ ಅಂದೆ."

ಅವನು ಅಂಗಿಯ ತೋಳಂಚನ್ನು ಹೆಬ್ಬೆರಳಿನಿಂದ ನೀವುತ್ತ ನಿಂತ. ಬಡಗಿ ನೆಲ ನೋಡಿದ.

"ಯಾಕೆ ಹೇಳಿದೆ ಇದನ್ನ?" ಎಂದ ಕೊನೆಗೆ. "ಆ ಸುಳ್ಳಲ್ಲೇ ನನ್ನ ಕಾಲ ಕಳೆದುಹೋಗ್ತಿತ್ತಲ್ಲ."

ಚರ್ಚಿನ ಗುರುಗಳು ಪವಿತ್ರ ನೀರು ಚಿಮುಕಿಸುವಾಗಲೂ, ಮಣ್ಣು ಹಾಕುವಾಗಲೂ ಅವನು ಅವಳ ಕಡೆ ತಿರುಗಲಿಲ್ಲ. ಅವಳು ಕ್ಷಮೆಗಾಗಿ ಕಾದಿದ್ದಳೆಂದಲ್ಲ. ಆದರೂ ಕಾದಿದ್ದಳು.

*

ಸಮಾಧಿಯಿಂದ ಹಿಂದಿರುಗುವಾಗ ಮದರ್ ಅವಳ ಪಕ್ಕಕ್ಕೆ ಬಂದರು. ಸುದ್ದಿ ಅವರ ಕಿವಿಗೂ ಬಿದ್ದಿತ್ತು.

"ಭಾನುವಾರಕ್ಕೆ ಇನ್ನೂ ಮೂರು ದಿನ ಇದೆ," ಎಂದರು. "ಆಗಲ್ಲ ಅಂದ್ರೆ ಆಗಲ್ಲ ಅನ್ನು. ನಾನು ಬೈಯೋದಿಲ್ಲ."

"ಹೂಂ ಮದರ್."

ಗಟ್ಟಿಗಿತ್ತಿಯ ಕೋಣೆಯ ಹೊರಗೆ, ಗೋಡೆಗೆ ಒತ್ತಿಕೊಂಡು, ಕುರ್ಚಿ ನಿನ್ನೆಯಂತೆಯೇ ಇತ್ತು. ಯಾರೂ ಎತ್ತಿಟ್ಟಿರಲಿಲ್ಲ. ಅದನ್ನು ದಾಟಿ ಹತ್ತು ಹೆಜ್ಜೆ ಹೋದಳು. ಹಿಂದಕ್ಕೆ ಬಂದು ಎತ್ತಿಕೊಂಡಳು. ಮೆಟ್ಟಿಲಿಳಿದು, ಅಂಗಳ ದಾಟಿ, ಬಿಸಿಲಲ್ಲಿ ಆ ಕುರ್ಚಿ ಹೊತ್ತು ಹೋಗುತ್ತಿದ್ದವಳನ್ನು ಅಡುಗೆ ಸಿಸ್ಟರ್ ಕಿಟಕಿಯಿಂದ ನೋಡಿ, "ಎಲ್ಲಿಗೇ ಮೆರವಣಿಗೆ?" ಎಂದಳು. ಪುಕ್ಕಲಿ ಕುರ್ಚಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ನಡೆದಳು.

ಜ್ವರದ ವಾರ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕೊನೆಯ ಮಂಚದಲ್ಲಿ ಒಬ್ಬ ಹೆಂಗಸು, ಮುಖ ಗೋಡೆಗೆ. ಎದೆ ಒಮ್ಮೆ ಏರಿ, ಬಹಳ ಹೊತ್ತು ಸುಮ್ಮನಿದ್ದು, ಮತ್ತೆ ಏರುತ್ತಿತ್ತು.

"ಯಾರು ಅಲ್ಲಿ?" ಎಂದಿತು ಆ ದನಿ. "ಯಾರಾದ್ರೂ ಇದ್ದೀರಾ?"

"ಇದ್ದೀನಿ," ಎಂದಳು ಪುಕ್ಕಲಿ, ಹೊಸ್ತಿಲ ಹೊರಗಿಂದ.

ಆಮೇಲೆ ಕುರ್ಚಿಯನ್ನು ಹೊಸ್ತಿಲ ಮೇಲಿಂದ ಎತ್ತಿ ಒಳಗೆ ಇಟ್ಟಳು. ಮಂಚದವರೆಗೆ ಎಳೆದುಕೊಂಡು ಹೋಗಿ ಕೂತು, ಸುಡುತ್ತಿದ್ದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಅವಳ ನಡುಕಕ್ಕೆ ಕುರ್ಚಿಯ ಒಂದು ಕಾಲು ಕಲ್ಲು ನೆಲಕ್ಕೆ ಕಟಕಟ ಎಂದು ಬಡಿಯುತ್ತಲೇ ಇತ್ತು.