ಕರೆಂಟ್ ಬಂತು ಎಂದವಳು

ಜಿಂಬಾಬ್ವೆಯ ನಮ್ಮ ಮಸ್ವಿಂಗೊ ಕಡೆ ಹೆತ್ತ ತಾಯಿಯ ಮೇಲೆ ಕೈ ಎತ್ತಿದವರಿಗೆ ಒಂದು ಶಿಕ್ಷೆಯಿದೆ. ತಾಯಿ ಸತ್ತ ಮೇಲೆ ಗೋಣಿತಾಟು ಸುತ್ತಿಕೊಂಡು ಮನೆಮನೆಯ ಮುಂದೆ ನಿಂತು ರಾಗಿ ಬೇಡಬೇಕು. ಊರ ಮಕ್ಕಳೆಲ್ಲ ಹಿಂದೆ ಬಿದ್ದು ಛೀ ಥೂ ಅನ್ನುತ್ತವೆ. ಬೇಡಿ ತಂದ ರಾಗಿಯಲ್ಲೇ ಹೆಂಡ ಮಾಡಿ ಅವಳ ಆತ್ಮಕ್ಕೆ ಎರೆಯಬೇಕು. ನನ್ನ ತಾಯಿ ಇನ್ನೂ ಬದುಕಿದ್ದಾಳೆ, ನಾನು ಅವಳ ಮೇಲೆ ಕೈ ಎತ್ತಿಯೂ ಇಲ್ಲ. ಆದರೂ ಎಲ್ಲಾದರೂ ಗೋಣಿಚೀಲ ಕಂಡರೆ ನನಗೆ ನಾಚಿಕೆಯಾಗುತ್ತದೆ.

ನಾನು ಜಿಂಬಾಬ್ವೆ ಬಿಟ್ಟು ಬೋಟ್ಸ್ವಾನಾದ ಗಾಬೊರೋನಿಗೆ ಬಂದು ಹನ್ನೊಂದು ವರ್ಷವಾಯಿತು. ಅಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಇಲ್ಲಿ ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ಹೊಟ್ಟೆ ತುಂಬುವುದು ಹೊಲಿಗೆಯಿಂದಲೇ. ಬಾಡಿಗೆ ಮನೆ ಕೇಳಲು ಹೋದಾಗ ಮನೆಯ ಒಡತಿ ಮ್ಮಾ ಕಗಿಸೊ ಬಾಗಿಲಲ್ಲೇ ಹೇಳಿಬಿಟ್ಟಿದ್ದರು: "ಗಡಿಯಾಚೆಯವರಿಗೆ ನಾನು ಮನೆ ಕೊಡಲ್ಲಮ್ಮಾ. ಒಬ್ರು ಅಂತ ಬರ್ತಾರೆ, ಹತ್ತು ಜನ ಆಗ್ತಾರೆ."

ನಾನು ಕರಂಗ ಜನದವಳು. ಕಲಂಗ ಅನ್ನುವ ಬೇರೊಂದು ಜನ ಗಡಿಯ ಈಚೆ, ಬೋಟ್ಸ್ವಾನಾದ ಉತ್ತರದಲ್ಲೂ ಇದ್ದಾರೆ. ರ ಅನ್ನುವ ಕಡೆ ಲ ಅಂದೆ. ಆ ಒಂದಕ್ಷರದ ಮೇಲೆ ಹನ್ನೊಂದು ವರ್ಷ ಈ ಮನೆಯಲ್ಲಿದ್ದೆ.

ಊರಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದಾಗ ಮಾತ್ರ ನನ್ನ ಜಂಬ ನೋಡಬೇಕಿತ್ತು. "ಇಲ್ಲಿ ಯಾವಾಗ ನಲ್ಲಿ ತಿರುಗಿಸಿದ್ರೂ ನೀರು ಬರುತ್ತಮ್ಮಾ. ಕರೆಂಟ್ ಹೋಗೋದೇ ಅಪರೂಪ."

"ಸುಳ್ಳಿಗೂ ಒಂದು ಮಿತಿ ಬೇಡ್ವೇನೇ? ನಾನೇ ಬಂದು ನೋಡ್ತೀನಿ ಬಿಡು," ಅಂದವಳು ಹೋದ ಅಕ್ಟೋಬರಿನಲ್ಲಿ ಒಂದು ಚೀಲ ಕಡಲೆಕಾಯಿ ಹೊತ್ತು ಬಂದೇಬಿಟ್ಟಳು.

ಬಂದವಳು ನೀರು ಕುಡಿಯುವ ಮೊದಲು ನೀರು ತುಂಬಿಸಿದಳು. ಬಕೆಟ್ಟು, ಪಾತ್ರೆ, ಕೊನೆಗೆ ಟೀ ಲೋಟಗಳನ್ನೂ ಬಿಡಲಿಲ್ಲ.

"ನಾಳೇನೂ ಬರುತ್ತಮ್ಮಾ," ಅಂದೆ.

"ನಾಳೆ ಬರುತ್ತೆ ಅಂತ ನಮ್ಮ ಸರ್ಕಾರಾನೂ ಹೇಳ್ತಿತ್ತು," ಅಂದಳು.

ನಾವು ನಗುತ್ತಿರುವಾಗಲೇ ಮ್ಮಾ ಕಗಿಸೊ ಬಾಗಿಲಿಗೆ ಬಂದರು. ಅಮ್ಮ ತಕ್ಷಣ ಕುಕ್ಕರಿಸಿ ಕೂತು, ಬೊಗಸೆಗೈ ತಟ್ಟಿ, ನಮ್ಮ ಊರಿನ ರೀತಿಯಲ್ಲೇ ನಮಸ್ಕರಿಸಿದಳು. ಗಡಿಯಾಚೆಯವಳೆಂದು ತಿಳಿಯಲು ಅಷ್ಟು ಸಾಕಿತ್ತು.

"ಯಾರೇ ಇವರು?"

"ಮನೆಗೆಲಸಕ್ಕೆ ಬಂದಿದಾಳೆ," ಅಂದೆ, ಇಲ್ಲಿಯ ಸೆಟ್ಸ್ವಾನಾ ಭಾಷೆಯಲ್ಲಿ.

ನನ್ನ ಬಾಯಿಗೆ ಹುಳ ಬೀಳಬೇಕಿತ್ತು, ಬೀಳಲಿಲ್ಲ. ಅಮ್ಮನಿಗೆ ಆ ಭಾಷೆ ಬಾರದು. ಆದರೆ ಅವಳು ಬಂದ ಬಸ್ಸಿನ ತುಂಬ ಮನೆಗೆಲಸ ಹುಡುಕಿಕೊಂಡು ಹೊರಟ ಹೆಂಗಸರೇ ಇದ್ದರಂತೆ. ಆ ಒಂದು ಪದ ಅವಳಿಗೆ ಗೊತ್ತಿತ್ತು. ನನ್ನ ಮುಖ ನೋಡಿದಳು, ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ಗುಡಿಸತೊಡಗಿದಳು.

ಭಾನುವಾರ ಚರ್ಚು ಮುಗಿಸಿಕೊಂಡು ಮ್ಮಾ ಕಗಿಸೊ ತಮ್ಮ ನಾದಿನಿಯ ಜೊತೆ ನನ್ನ ಮನೆಗೆ ಟೀಗೆ ಬಂದರು. ಮಾತು ಎರಡು ದೇಶಗಳ ಮೇಲೆ ಹೋಯಿತು.

"ಅಲ್ಲಿ ಟೀಚರುಗಳು ರಸ್ತೇಲಿ ಕೂತು ಟೊಮೇಟೊ ಮಾರ್ತಾರಂತೆ?" ಅಂದಳು ನಾದಿನಿ. "ಆಸ್ಪತ್ರೆಗೆ ಹೋದ್ರೆ ಸೂಜಿ, ಹತ್ತಿ ಎಲ್ಲ ನಾವೇ ತಗೊಂಡು ಹೋಗ್ಬೇಕಂತೆ. ನೀನು ಗಡಿ ಹತ್ತಿರದವಳಲ್ವಾ ಎಸ್ತರ್, ನಿಜಾನಾ?"

ನಾನೂ ಟೊಮೇಟೊ ಮಾರಿದವಳೇ. ಸುಮ್ಮನಿದ್ದರೆ ಆಗುತ್ತಿತ್ತು. "ಅದೇನು ಕೇಳ್ತೀರ! ಕರೆಂಟ್ ಬಂದ್ರೆ ಸಾಕು, ಕೇರಿಗೆ ಕೇರಿನೇ ಮದುವೆ ಮನೆ ಥರ ಕುಣಿಯುತ್ತೆ," ಎಂದು ಎದ್ದು ನಿಂತು, ಎರಡೂ ಕೈ ಎತ್ತಿ ಅಲ್ಲಿಯ ಭಾಷೆಯಲ್ಲೇ ಅಣಕಿಸಿದೆ: "ಮಗೆತ್ಸಿ ಔಯಾ! ಕರೆಂಟ್ ಬಂತೂ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನನಗದು ಕೇಳಿಸಿತು. ಆದರೂ ಇನ್ನೊಂದು ಸಲ ಕುಣಿದೆ.

ಅಮ್ಮ ಟೀ ತಂದಳು. ಅವರಿಬ್ಬರಿಗೂ ಮಂಡಿಯೂರಿ ಕೊಟ್ಟಳು. ನನಗೂ ಮಂಡಿಯೂರಿಯೇ ಕೊಟ್ಟಳು. ನಾನು ಕೂತಲ್ಲಿಂದಲೇ ತೆಗೆದುಕೊಂಡೆ.

ಅಮ್ಮ ಒಳಗೆ ಹೋಗುತ್ತಿದ್ದ ಹಾಗೆ ಫ್ಯಾನು ನಿಂತಿತು. ಅಕ್ಟೋಬರೆಂದರೆ ಇಲ್ಲಿ ಸುಡುಬೇಸಿಗೆ, ಮೇಲೆ ತಗಡಿನ ಸೂರು. ಕಾಲು ಗಂಟೆ ಬೆವರಿಳಿಸುತ್ತ ಕೂತೆವು. ನಾನು ಎರಡನೇ ಕಪ್ಪು ಬಾಯಿಗಿಡುವಷ್ಟರಲ್ಲಿ ಫ್ಯಾನು ಗರ್ರೆಂದಿತು.

"ಮಗೆತ್ಸಿ ಔಯಾ!"

ಕಪ್ಪು ನೆಲಕ್ಕೆ ಬಿದ್ದು ಒಡೆದಿತ್ತು. ನನ್ನ ಎರಡೂ ಕೈ ಮೇಲಿದ್ದವು. ಈ ಸಲ ಅಣಕವಲ್ಲ, ಹೊಟ್ಟೆಯೊಳಗಿಂದ ಬಂದ ಕೂಗು. ಯಾರೂ ನಗಲಿಲ್ಲ.

ಆಗ ಅಡುಗೆಮನೆಯಿಂದ ಅದೇ ಕೂಗು ನನ್ನದಕ್ಕಿಂತ ಜೋರಾಗಿ ಬಂತು. ಹಿಂದೆಯೇ ಅಮ್ಮ ಓಡಿಬಂದು ಮಂಡಿಯೂರಿದಳು. "ಸಾರಿ ಮೇಡಂ, ನಾನು, ನಾನು," ಎಂದು, ಎರಡು ಸಲವೂ ಕೂಗಿದ್ದು ತಾನೇ ಎಂಬಂತೆ ಎದೆ ತಟ್ಟಿ ತೋರಿಸಿಕೊಂಡಳು. ತನಗೆ ಬರುವ ನಾಲ್ಕು ಇಂಗ್ಲಿಷ್ ಪದಗಳನ್ನೂ ನನ್ನ ಮಾನ ಉಳಿಸಲು ಆಡಿ ಮುಗಿಸಿದಳು. ಆಮೇಲೆ ಒಡೆದ ಚೂರುಗಳನ್ನು ಆರಿಸತೊಡಗಿದಳು. ಆಗಲಾದರೂ ನಾನು ನಿಜ ಹೇಳಬಹುದಿತ್ತು. "ಪರವಾಗಿಲ್ಲ, ಒಳಗೆ ಹೋಗು," ಅಂದೆ.

ಹೊರಡುವಾಗ ಮ್ಮಾ ಕಗಿಸೊ ನಾದಿನಿಯನ್ನು ಮುಂದೆ ಕಳಿಸಿ ಗೇಟಿನ ಹತ್ತಿರ ನಿಂತರು.

"ನಾನು ಟೀ ಕೊಟ್ಟಾಗಲೆಲ್ಲ ನೀನೂ ಅವತ್ತು ಅವರು ತಟ್ಟಿದ ಥರಾನೇ ಕೈ ತಟ್ಟಿ ತಗೋತೀಯ ಎಸ್ತರ್. ಹನ್ನೊಂದು ವರ್ಷದಿಂದ ನೋಡ್ತಾ ಇದೀನಿ. ನನಗೇನು ಕಣ್ಣಿಲ್ವಾ?"

"ಗೊತ್ತಿದ್ದೂ ಯಾಕೆ ಇಟ್ಕೊಂಡ್ರಿ?"

"ಮೊದಲು ಸಿಟ್ಟು ಬಂತು. ಆಮೇಲೆ ಬಾಗಿಲಲ್ಲಿ ನಿಲ್ಲಿಸಿ ಹಂಗಂದೆನಲ್ಲಾ ಅಂತ ನನಗೇ ನಾಚಿಕೆ ಆಯ್ತು. ಆದ್ರೆ ಆ ಹಿರಿಯಮ್ಮನ ಮೂಗು ಹಂಗೇ ನಿನ್ನ ಮುಖದ ಮೇಲಿದೆ ಕಣೇ. ನನ್ನ ಅಮ್ಮ ಅಂತ ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾದೆ. ಗಡಿಯಾಚೆಯವರಿಗೆ ಮನೆ ಕೊಡಲ್ಲ ಅಂದಿದ್ದು ನನ್ನ ತಪ್ಪು. ಹೆತ್ತವಳನ್ನ ಆಳು ಮಾಡೋರಿಗೆ ಕೊಡಬಹುದಾ ಅನ್ನೋದನ್ನ ಈಗ ಯೋಚನೆ ಮಾಡ್ಬೇಕು."

ಮ್ಮಾ ಕಗಿಸೊ ಮನೆಯ ಬಾಗಿಲ ಕಡೆ ತಿರುಗಿದರು.

"ಅವರನ್ನ ಕರಿ," ಅಂದರು. "ನಾನು ಸರಿಯಾಗಿ ಮಾತಾಡಿಸ್ಬೇಕು."

ನಾನು ಬಾಗಿಲಿಗೆ ಹೋಗಿ, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವಂತೆ, ನಮ್ಮ ಭಾಷೆಯಲ್ಲೇ ಕೂಗಿದೆ: "ಅಮ್ಮಾ!"

ಒಳಗೆ ನಲ್ಲಿ ನಿಂತಿತು. ಒದ್ದೆ ಕೈ ಒರೆಸಿಕೊಳ್ಳುತ್ತ ಅಮ್ಮ ಹೊರಗೆ ಬಂದಳು. ಗೇಟಿನಲ್ಲಿ ನಿಂತಿದ್ದ ಮ್ಮಾ ಕಗಿಸೊ ಅವಳ ಕಣ್ಣಿಗೆ ಬಿದ್ದರು. ಗಾಬರಿಯಾಗಿ, ಹಾಗೆ ಕರೆಯಬೇಡ ಎಂದು ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಹೊಸ್ತಿಲಲ್ಲೇ ಮಂಡಿಯೂರಿದಳು.

"ಬಂದೆ, ಮೇಡಂ," ಎಂದಳು ನನಗೆ.