ಒಂದೇ ಹೆಸರಿನ ಮೂವತ್ತೊಂದು ಕಾಗದ

ಸುಂಕಮ್ಮನ ಹೆಸರಿನ ಮೇಲೆ ಒತ್ತಿದರೆ ಪಕ್ಕೀರಪ್ಪ ಬಂದ.

ಸಮತಾ ಹಿಂದಕ್ಕೆ ಹೋಗಿ ಮತ್ತೆ ಒತ್ತಿದಳು. ಪರದೆಯ ಮೇಲೆ ಅದೇ ಹಳದಿಗಟ್ಟಿದ ಕಾಗದ, ಅದೇ ನೇರಳೆ ಸೀಲು. ಎಡಮೂಲೆಯಲ್ಲಿ ಹದಿನೆಂಟು ವರ್ಷದ ಹಿಂದಿನ ಅವಳಪ್ಪ ಪಕ್ಕೀರಪ್ಪ, ಕೊರಳ ಗುಂಡಿಯವರೆಗೂ ಅಂಗಿ ಬಿಗಿದುಕೊಂಡು, ಫೋಟೋ ತೆಗೆಯುವವನು ಬೈಯುತ್ತಾನೇನೋ ಎಂಬಂತೆ ನೋಡುತ್ತಿದ್ದ. ಹೊನ್ನೂರಸ್ವಾಮಿಯ ಹೆಸರು ಒತ್ತಿದಳು. ಅಪ್ಪ. ಮಾಳಮ್ಮ. ಅಪ್ಪ. ಪಟ್ಟಿಯ ಕೊನೆಯ ಸಾಲಿನವರೆಗೂ ಒತ್ತುತ್ತ ಹೋದಳು. ಮೂವತ್ತೊಂದು ಹೆಸರು, ಮೂವತ್ತೊಂದು ಸಲವೂ ಅಪ್ಪ.

ಹಗರಿಬೊಮ್ಮನಹಳ್ಳಿಯ ಆ ಕಂಪ್ಯೂಟರ್ ಸೆಂಟರಿನಲ್ಲಿ ಊಟದ ಹೊತ್ತು. ಉಳಿದವರೆಲ್ಲ ಹೊರಗೆ ಹೋಗಿದ್ದರು. ಅವಳ ಡಬ್ಬಿಯ ಮುಚ್ಚಳ ಇನ್ನೂ ತೆರೆದಿರಲಿಲ್ಲ.

ಅವಳ ಊರಿನ ಪಂಚಾಯಿತಿಯಲ್ಲಿ ಬೀದಿ ಗುಡಿಸುವ, ಚರಂಡಿ ಬಾಚುವ ಗುತ್ತಿಗೆಯ ಕೆಲಸಗಾರರು ಮೂವತ್ತೊಂದು ಮಂದಿ. ಹಳಬರನ್ನು ಕಾಯಂ ಮಾಡುತ್ತಾರೆ, ಕೆಲಸಕ್ಕೆ ಸೇರಿದ ದಿನದ ಪತ್ರ ತೋರಿಸಬೇಕು ಎಂಬ ಸುದ್ದಿ ಬಂದಾಗ ಟ್ರಂಕಿನ ತಳದಿಂದ, ದೇವರ ಪಟದ ಹಿಂದಿನಿಂದ ಕಾಗದಗಳು ಹೊರಬಂದವು. ಗುತ್ತಿಗೆದಾರನ ಕಡೆಯ ಮೇಸ್ತ್ರಿ ಕೊಟ್ರಸ್ವಾಮಿ ಮನೆಮನೆಗೆ ಬಂದು, "ಅಸಲಿ ಪತ್ರ ಕೊಡ್ರಿ, ನಾನ ಒಳಗ ಮುಟ್ಟಸ್ತೀನಿ" ಎಂದು ಎಲ್ಲವನ್ನೂ ಒಯ್ದ. ರಸೀದಿ ಕೇಳಿದವರಿಗೆ, "ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ಎಂದ. ಈಗ, ಪರಿಶೀಲನೆಗೆ ಎರಡು ದಿನ ಇರುವಾಗ, "ನನ್ನ ಕೈಗೆ ಯಾವ ಪತ್ರಾನೂ ಬಂದಿಲ್ಲ" ಎನ್ನುತ್ತಿದ್ದ. ಹದಿನೆಂಟು ವರ್ಷದ ಬೆವರನ್ನು ನುಂಗಿದವನಿಗೆ ಮೂವತ್ತೊಂದು ಹಾಳೆ ಯಾವ ಲೆಕ್ಕ.

ಆದರೂ ಕೇರಿಯಲ್ಲಿ ಯಾರೂ ಗಾಬರಿಯಾಗಿರಲಿಲ್ಲ. ಅವನು ಪತ್ರ ಒಯ್ಯುವ ಮುಂಚೆಯೇ ಸಮತಾ ಅವನ್ನೆಲ್ಲ ಇಡಲು ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿದ್ದಳಲ್ಲ. ಬಸ್ ಸ್ಟ್ಯಾಂಡಿನ ಎದುರು ಇಶ್ತಿಯಾಕನ ಜೆರಾಕ್ಸ್ ಅಂಗಡಿಯಲ್ಲಿ ಒಂದಿಡೀ ಮಧ್ಯಾಹ್ನ ಸಾಲು ಹಚ್ಚಿ ನಿಂತಿದ್ದರು. ಇಶ್ತಿಯಾಕ ಕಾಗದ ಸ್ಕ್ಯಾನ್ ಮಾಡುವನು, ಸಮತಾಳ ಪುಟದಲ್ಲಿ ಹೆಸರು ಬರೆದು ಸೇರಿಸುವನು. ಪ್ರತಿ ಸಲವೂ ಹಸಿರು ಅಕ್ಷರದಲ್ಲಿ 'ಕಡತ ಸುರಕ್ಷಿತವಾಗಿ ಸೇರಿದೆ' ಎಂದು ಮೂಡುವುದು. ಆ ಸಾಲನ್ನು ಬರೆದವಳು ಸಮತಾಳೇ.

"ಒಂದು ಜೆರಾಕ್ಸೂ ತೆಗಸ್ಲೇನವ್ವಾ?" ಎಂದು ಅವತ್ತು ಸುಂಕಮ್ಮ ಕೇಳಿದ್ದಳು.

"ಯಾಕ ದೊಡ್ಡವ್ವಾ? ಇಲ್ಲಿಟ್ರ ಇಲಿ ಕಡಿಯಂಗಿಲ್ಲ, ಮಳಿಗೆ ನೆನಿಯಂಗಿಲ್ಲ" ಎಂದು ಸಮತಾ ನಕ್ಕಿದ್ದಳು. ಸುಂಕಮ್ಮನ ಹಿಂದಿದ್ದವರು ಯಾರೂ ಜೆರಾಕ್ಸಿನ ಮಾತೆತ್ತಲಿಲ್ಲ. ಪಕ್ಕೀರಪ್ಪ ಮಾತ್ರ ಎಲ್ಲರನ್ನೂ ಮುಂದೆ ಬಿಟ್ಟು, "ಮಗಳದ ಕೆಲಸ, ನಂದೇನು ಅವಸರ" ಎಂದು ಕೊನೆಗೆ ನಿಂತಿದ್ದ.

ಈಗ ಸಮತಾ ಆ ಪುಟಕ್ಕೆ ತಾನು ಬರೆದಿದ್ದ ಪ್ರೋಗ್ರಾಮನ್ನು ತೆರೆದು ಸಾಲುಸಾಲಾಗಿ ಓದಿದಳು. ಫೋನಿನಲ್ಲಿ ವಿಡಿಯೋ ನೋಡಿ ಕಲಿತ ವಿದ್ಯೆ. ಹೊರಗಿನಿಂದ ಬಂದ ಕಡತ ಮೊದಲು ಸರ್ವರಿನ ತಾತ್ಕಾಲಿಕ ಜಾಗದಲ್ಲಿ ಬಿದ್ದಿರುತ್ತದೆ, ಅಲ್ಲಿಂದ ಎತ್ತಿ ಕಾಯಂ ಜಾಗದಲ್ಲಿ ಇಡದಿದ್ದರೆ ತಾನಾಗಿ ಅಳಿದುಹೋಗುತ್ತದೆ ಎಂದು ಕೇಳಿದಾಗ ಅವಳಿಗೆ ಕೇರಿಯ ನೆನಪಾಗಿತ್ತು. ಅದಕ್ಕೇ ಎತ್ತಿಡುವ ಸಾಲನ್ನು ಮೂರು ಸಲ ಪರೀಕ್ಷಿಸಿದ್ದಳು. ದೊಡ್ಡ ಕಡತ ಬಂದರೆ ತಡೆ, ಚಿತ್ರವಲ್ಲದ್ದು ಬಂದರೆ ತಡೆ. ಯಾರನ್ನು ಒಳಗೆ ಬಿಡಬಾರದು ಎಂಬುದನ್ನೆಲ್ಲ ಅಚ್ಚುಕಟ್ಟಾಗಿ ಬರೆದಿದ್ದಳು. ಒಳಗೆ ಬಂದವರಿಗೆ ಒಬ್ಬೊಬ್ಬರಿಗೂ ಬೇರೆ ಹೆಸರು ಕೊಡಬೇಕು ಎಂಬುದನ್ನು ಬರೆದಿರಲಿಲ್ಲ. ಇಶ್ತಿಯಾಕನ ಯಂತ್ರ ಪ್ರತಿ ಕಾಗದವನ್ನೂ 'ಸ್ಕ್ಯಾನ್' ಎಂಬ ಒಂದೇ ಹೆಸರಿನಲ್ಲಿ ಕಳಿಸಿತ್ತು. ಆಮೇಲೆ ಬಂದದ್ದು ಮೊದಲಿದ್ದದ್ದನ್ನು ಅಳಿಸಿ ಅದರ ಜಾಗದಲ್ಲಿ ಕೂತಿತ್ತು. ಕೊನೆಗೆ ಬಂದವನು ಪಕ್ಕೀರಪ್ಪ.

ಅರ್ಧ ದಿನ ರಜೆ ಹೇಳಿ ಬಸ್ಸು ಹತ್ತಿದಳು.

"ನನ್ನ ಹತ್ರ ಎಲ್ಲಿರ್ತಾವ ತಂಗೀ?" ಎಂದ ಇಶ್ತಿಯಾಕ, ಕೈಯಲ್ಲಿದ್ದ ಹಾಳೆಯ ಕಟ್ಟನ್ನು ಕೆಳಗಿಡದೆ. "ಒಂದು ಕಳಿಸಿದ ಕೂಡ್ಲೆ ಅಳಸೇ ಮುಂದಿಂದು ತಗೊಳ್ಳೋದು. ಮಂದಿ ಆಧಾರು, ಪತ್ರ ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲೇನು?" ಅವಳ ಮುಖ ನೋಡಿ ನಗು ನಿಲ್ಲಿಸಿದ. "ಹಸಿರು ಬರ್ತಿತ್ತಲ್ಲವಾ, ಎಲ್ಲಾದಕ್ಕೂ?"

"ಬರ್ತಿತ್ತಣ್ಣ."

ಅವನು ಸ್ಟೂಲು ಮುಂದೆ ದಬ್ಬಿದ. ಅವಳು ಕೂರಲಿಲ್ಲ.

ಸಂಜೆ ತಳ್ಳುಗಾಡಿಗಳನ್ನು ನಿಲ್ಲಿಸುವ ತಗಡಿನ ಶೆಡ್ಡಿನ ಮುಂದೆ ಎಲ್ಲರೂ ಕೂಡಿದ್ದರು. ಸಮತಾ ಹೇಳಿದಳು. ಎರಡನೆಯ ಸಲ ಹೇಳಬೇಕಾಯಿತು. ಮೊದಲು ಮಾತಾಡಿದವನು ಹೊನ್ನೂರಸ್ವಾಮಿ.

"ಮೂವತ್ತು ಮಂದೀನ ನುಂಗಿ ನಿಮ್ಮಪ್ಪನ್ನೊಬ್ಬನ್ನ ಉಗುಳ್ತೇನು ನಿನ್ನ ಕಂಪ್ಯೂಟರು? ಭಾಳ ಶಾಣ್ಯಾ ಐತಿ ಬಿಡು."

"ಹಂಗಲ್ಲ ಮಾವಾ. ಫೈಲಿನ ಹೆಸರು ಎಲ್ಲಾ ಒಂದ ಇತ್ತು. ನಾ ಬ್ಯಾರೆ ಬ್ಯಾರೆ ಇಡಬೇಕಾಗಿತ್ತು, ಇಡಲಿಲ್ಲ. ತಪ್ಪು ನಂದು."

"ನಮಗೆಲ್ಲಾ ಒಂದ ಹೆಸರು" ಎಂದಳು ಸುಂಕಮ್ಮ, ಕೈಗವಸು ಕಳಚುತ್ತ. ಅವಳ ದನಿ ಏರಲಿಲ್ಲ. "ಊರ ಮಂದಿನೂ ಹಂಗ ಕರೀತಾರ ಬಿಡವ್ವಾ, 'ಏ ಕಸದವ್ರ' ಅಂತ. ನೀ ಓದಿದಾಕಿ, ನೀನರ ಬ್ಯಾರೆ ಬರಕೊಂಡಿರ್ತಿ ಅನ್ಕೊಂಡಿದ್ದೆ."

ಕೊಟ್ರಸ್ವಾಮಿಯ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲ. ಅವನು ಕೈಗೆ ಸಿಗುವವನಲ್ಲ. ಸಮತಾ ಎದುರಿಗೇ ನಿಂತಿದ್ದಳು. ಒಬ್ಬೊಬ್ಬರಾಗಿ ಎದ್ದು ಹೋದರು. ಮಾಳಮ್ಮ ಹೋಗುವಾಗ ಅವಳ ಭುಜ ಮುಟ್ಟಲು ಕೈಯೆತ್ತಿ, ಯಾಕೋ ಸೆರಗನ್ನು ಸರಿಪಡಿಸಿಕೊಂಡು ನಡೆದಳು.

ಪಕ್ಕೀರಪ್ಪ ಇಡೀ ಹೊತ್ತು ಗಾಡಿಯ ಗಾಲಿಗೆ ಒರಗಿ ಕೂತಿದ್ದ. ಮನೆಗೆ ಬಂದು ಕೈಕಾಲು ತೊಳೆದು ಉಣ್ಣಲು ಕೂತಾಗ ಕೇಳಿದ:

"ನಂದು ಐತೇನು?"

"ಐತಿ."

"ನಾಳಿಗೆ ಪ್ರಿಂಟ್ ತೆಗಸ್ಕೊಂಡು ಬಾ."

ಸಮತಾ ಅಪ್ಪನನ್ನು ನೋಡಿದಳು. ಅವನು ರೊಟ್ಟಿ ಮುರಿಯುತ್ತಿದ್ದ.

"ನೀ ಒಬ್ಬನ ತೋರಸ್ತಿಯೇನಪ್ಪಾ?"

"ನಾ ತೋರಸ್ಲಿಲ್ಲಂದ್ರ ಅವರಿಗೆ ಸಿಗ್ತೈತೇನು?" ರೊಟ್ಟಿಯ ಚೂರನ್ನು ತಟ್ಟೆಯಲ್ಲಿ ಸುಮ್ಮನೆ ಆಡಿಸಿದ. "ಸಿಗ್ತೈತಿ ಅನ್ನು, ನೀ ಪ್ರಿಂಟ್ ತಂದ ಕೂಡ್ಲೆ ಹರದು ಒಗಿತೀನಿ. ಅನ್ನು ಯವ್ವಾ."

ಹದಿನೆಂಟು ವರ್ಷ ಚರಂಡಿಯಲ್ಲಿ ನಿಂತವನ ಮೊಣಕಾಲ ಕೆಳಗಿನ ಚರ್ಮ ಕಪ್ಪಗೆ ಬಿರಿದಿತ್ತು. ಆ ಕಾಲಿಗೆ ಯಾವ ನ್ಯಾಯವನ್ನು ಹೇಳುವುದು?

ಪರಿಶೀಲನೆಯ ದಿನ ಅಧಿಕಾರಿ ಹನ್ನೊಂದಕ್ಕೆ ಪಂಚಾಯಿತಿ ಕಚೇರಿಗೆ ಬಂದರು. ಗುಮಾಸ್ತ ಹೆಸರು ಕೂಗುತ್ತಿದ್ದ. "ಸುಂಕಮ್ಮ. ಪತ್ರ?" "ಕೊಟ್ಟೀವ್ರಿ, ಕೊಟ್ರಸ್ವಾಮಿ ಕೈಯಾಗ." "ಇಲ್ಲಿಗೆ ಬಂದಿಲ್ಲ. ಇಲ್ಲ ಅಂತ ಬರೀರಿ." ಕಾಂಪೌಂಡಿನ ಗೇಟಿನ ಹತ್ತಿರ ನಿಂತ ಸಮತಾಳಿಗೆ ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಇಲ್ಲ. ಇಲ್ಲ. ಮೂವತ್ತು ಸಲ ಇಲ್ಲ. "ಪತ್ರ ಇಲ್ದವ್ರು ಹೊರಗ ನಿಲ್ರಿ, ಇದ್ದವ್ರು ಒಳಗ ಕುಂದರ್ರಿ."

ಮೂವತ್ತು ಮಂದಿ ಬಿಸಿಲಿನಲ್ಲಿ ನಿಂತರು. ಪಕ್ಕೀರಪ್ಪ ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಬಿಚ್ಚಿ ಮೇಜಿನ ಮೇಲಿಟ್ಟ. ಅಧಿಕಾರಿ ಫೋಟೋ ನೋಡಿ ಅವನ ಮುಖ ನೋಡಿದರು. ನಕಲಾದರೂ ನಡೆದೀತು ಎಂದು ಬಾಗಿಲ ಬಳಿಯ ಬೆಂಚು ತೋರಿಸಿದರು. ಆ ಬೆಂಚನ್ನು ಅವನು ಎಷ್ಟು ಸಲ ಒರೆಸಿದ್ದನೋ. ಒಮ್ಮೆಯೂ ಅದರ ಮೇಲೆ ಕೂತಿರಲಿಲ್ಲ. ಈಗ ಅದರ ತುದಿಯಲ್ಲಿ, ಬಿದ್ದುಹೋಗುವಷ್ಟು ತುದಿಯಲ್ಲಿ ಕೂತ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಹೊರಗಿನಿಂದ ಯಾರೂ ಅವನತ್ತ ನೋಡಲಿಲ್ಲ. ಗೇಟಿನಲ್ಲಿದ್ದ ಸಮತಾಳತ್ತಲೂ ನೋಡಲಿಲ್ಲ.

ಅವತ್ತು ಸಂಜೆ ಅವಳು ಕಡತ ಎತ್ತಿಡುವ ಆ ಸಾಲನ್ನು ತಿದ್ದಿದಳು. ಈಗ ಬರುವ ಪ್ರತಿ ಕಡತಕ್ಕೂ ಅದರದೇ ಸಂಖ್ಯೆ, ಸೇರಿದ ಗಳಿಗೆ, ಅದರದೇ ಹೆಸರು. ಪರೀಕ್ಷೆಗೆಂದು ಮನೆಯ ಗೋಡೆಯ ಎರಡು ಫೋಟೋ ತೆಗೆದು ಎರಡಕ್ಕೂ 'ಸ್ಕ್ಯಾನ್' ಎಂದು ಹೆಸರಿಟ್ಟು ಕಳಿಸಿದಳು. ಎರಡೂ ಬೇರೆ ಬೇರೆಯಾಗಿ ಉಳಿದವು. ಕೇರಿಯ ವಾಟ್ಸಾಪ್ ಗುಂಪಿಗೆ, 'ಹಳೇ ಫೋಟೋ, ಗುರುತಿನ ಚೀಟಿ, ಏನಿದ್ದರೂ ಕಳಿಸಿ, ಮತ್ತೆ ಅರ್ಜಿ ಹಾಕೋಣ' ಎಂದು ಬರೆದಳು. ಎಲ್ಲರೂ ಓದಿದ್ದರ ನೀಲಿ ಗುರುತು ಬಂತು. ಉತ್ತರ ಬರಲಿಲ್ಲ.

ಬೆಳಗಿನ ಐದೂವರೆಗೆ ದಿನವೂ ಸುಂಕಮ್ಮನ ಗಾಡಿ ಅವರ ಬಾಗಿಲ ಮುಂದೆ ನಿಲ್ಲುತ್ತಿತ್ತು. ಒಂದು ಗಾಲಿಗೆ ಎಣ್ಣೆ ಕಾಣದೆ ವರ್ಷವಾಗಿತ್ತು. ಕೇರಿಯ ತಿರುವಿನಿಂದಲೇ ಅದರ ಕಿರ್ರ್ ದನಿ ಕೇಳುವುದು. ಹಿಂದೆಯೇ ಅವಳ ಕೂಗು: "ಏಳೋ ಪಕ್ಕೀರಾ! ಊರು ಹೊಲಸು ಮಾಡ್ಕೊಂಡು ಕುಂತೈತಿ, ತೊಳಿಯಾಕ ಬಾ!" ಅದನ್ನು ಕೇಳಿಯೇ ಸಮತಾ ಸಣ್ಣವಳಿದ್ದಾಗಿನಿಂದ ಎದ್ದವಳು.

ಮಾರನೆಯ ಬೆಳಿಗ್ಗೆ ಕೂಗಿಗೆ ಮೊದಲೇ ಅವಳಿಗೆ ಎಚ್ಚರವಾಗಿತ್ತು. ಅಪ್ಪ ಆಗಲೇ ತಲೆಗೆ ಟವೆಲ್ ಸುತ್ತಿ, ಪೊರಕೆ ಹಿಡಿದು ಮುಚ್ಚಿದ ಬಾಗಿಲ ಒಳಗೆ ನಿಂತಿದ್ದ. ತಿರುವಿನಲ್ಲಿ ಗಾಲಿ ಕಿರ್ರೆಂದಿತು. ಅವನು ಚಿಲಕದ ಮೇಲೆ ಕೈಯಿಟ್ಟ. ದನಿ ಹತ್ತಿರ ಬಂತು, ಬಾಗಿಲ ಮುಂದೆ ಬಂತು, ನಿಲ್ಲದೆ ಮುಂದೆ ಹೋಯಿತು. ಬಾವಿಕಟ್ಟೆ ದಾಟಿತು. ಶಾಲೆಯ ಗೋಡೆ ದಾಟಿತು.

ಅದು ಪೂರಾ ಕೇಳದಂತಾಗುವವರೆಗೂ ಪಕ್ಕೀರಪ್ಪ ಚಿಲಕದ ಮೇಲಿನ ಕೈ ತೆಗೆಯಲಿಲ್ಲ.