ಘಾಟಪ್ಪನ ಮರಗಳು

ಅಪ್ಪನ ಉಗುರುಸಂದಿಯಿಂದ ಮಗಳು ಗೊಬ್ಬರ ತೆಗೆಯುತ್ತಿದ್ದಳು. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಬಿಸಿನೀರಿಗೆ ಅದ್ದಿ, ಒಂದೊಂದೇ ಬೆರಳು. ಸೋಪು ಹಚ್ಚಿ ತೊಳೆದಾಗಿತ್ತು. ಆದರೂ ಆ ಕೈಗಳಿಂದ ಕೋಳಿಗೊಬ್ಬರದ ವಾಸನೆ ಹೋಗಿರಲಿಲ್ಲ.

ತೋಟದ ಕಡೆಯಿಂದ ಕೊಡಲಿಯ ಸದ್ದು ಬಂತು.

"ಬಂದ ನೋಡು ನಿಮ್ಮಣ್ಣ," ಎಂದಳು ಬಾಗಿಲಲ್ಲಿ ಕೂತಿದ್ದ ಸೋದರತ್ತೆ. "ಅಪ್ಪನ ಮುಖ ನೋಡೋಕೂ ಒಳಗೆ ಬರ್ಲಿಲ್ಲ. ನೆಟ್ಟಗೆ ಮರಕ್ಕೇ ಹೋದ."

ಮಗಳ ಕೈ ನಿಂತಿತು. 'ಹೆಣ ಎತ್ತೋದ್ರೊಳಗೆ ಒಂದು ಮರಾನೂ ಉಳಿಸಲ್ಲ' ಎಂದು ಅಣ್ಣ ಸಾವಿನ ಸುದ್ದಿ ಕೇಳಿ ಫೋನಿನಲ್ಲಿ ಕಿರುಚಿದ್ದ. ಸಿಟ್ಟಿನ ಮಾತು ಅಂದುಕೊಂಡಿದ್ದಳು. ಆ ಕಿತ್ತಳೆ ಮರಗಳೇ ಅವಳ ಹೊಟ್ಟೆಪಾಡು. ಬೇರೆ ಕಸುಬು ಅವಳಿಗೆ ಗೊತ್ತಿರಲಿಲ್ಲ.

ಅವಳು ಎದ್ದು ಹೊರಗೆ ಬಂದಳು. ಅಂಗಳದ ಬೆಂಚಿನ ಮೇಲೆ ಕೂತವರು ಸದ್ದು ಕೇಳಿಸದವರಂತೆ ಮಾತಾಡುತ್ತಿದ್ದರು.

"ಎಷ್ಟೋ ಜನಕ್ಕೆ ಗೊಬ್ಬರ ಹಾಕಿದೀನಿ," ಎಂದ ಕೋಳಿ ಫಾರಂನವನು. "ಹೂವಿನ ಥರ ಮೂಸಿ ನೋಡಿ ತಗೊಳ್ತಿದ್ದೋನು ಘಾಟಪ್ಪ ಒಬ್ನೇ."

"ನನ್ನ ತಮ್ಮನಿಗೆ ಒಳ್ಳೇ ಹೆಸರಿಟ್ರಿ ಕಣಯ್ಯಾ," ಎಂದಳು ಹಿಂದೆಯೇ ಬಂದ ಅತ್ತೆ.

"ಸುಮ್ನೆ ಇಟ್ವಾ ಅಮ್ಮಾ? ನನ್ನ ಲಾರಿ ಟೈರು ಒಂದು ಬೇರು ತುಳೀತು ಅಂತ ನನ್ನ ಕತ್ತಿನ ಪಟ್ಟಿ ಹಿಡ್ಕೊಂಡು ಗೋಡೆಗೆ ಗುದ್ದಿಸಿದ. ಎರಡು ಹಲ್ಲು ಹೋಯ್ತು. ಮಾರನೇ ದಿನ ಬುಟ್ಟಿ ತುಂಬ ಹಣ್ಣು ಕಳಿಸಿದ. ಕಚ್ಚೋಕೆ ಹಲ್ಲೆಲ್ಲಿ?"

ಯಾರೋ ನಕ್ಕರು. ಕೊಡಲಿಯ ಸದ್ದಿನ ಜೊತೆ ಒಂದು ಮರ ಮುರಿದು ಬಿದ್ದದ್ದು ಕೇಳಿತು. ನಗು ಅಲ್ಲೇ ಕಡಿದುಹೋಯಿತು.

* * *

ಅಣ್ಣ ಇನ್ನೂ ಮನೆಯಲ್ಲಿದ್ದ ಕಾಲ. ಆ ವರ್ಷ ಮರಗಳ ತುದಿ ಒಣಗತೊಡಗಿತ್ತು. ಹಣ್ಣು ಗೋಲಿಯಷ್ಟಾಗಿ ನಿಂತುಬಿಟ್ಟಿತ್ತು. ಅಪ್ಪ ಒಂದು ಎಳೆಬೇರು ಕಿತ್ತು ನೀರಿನಲ್ಲಿ ಜಾಲಿಸಿ ಮಕ್ಕಳಿಬ್ಬರಿಗೂ ತೋರಿಸಿದ. ಎಷ್ಟು ತೊಳೆದರೂ ಮಣ್ಣು ಬಿಡಲಿಲ್ಲ.

"ಬೇರುಹುಳ. ಕಣ್ಣಿಗೆ ಕಾಣಲ್ಲ. ಬೇರಿಗೆ ಬಾಯಿ ಹಾಕ್ಕೊಂಡು ಅಲ್ಲೇ ಮೊಟ್ಟೆ ಇಡುತ್ತೆ. ಆ ಅಂಟಿಗೇ ಮಣ್ಣು ಹಿಡ್ಕೊಳ್ಳೋದು. ಕೋಳಿಗೊಬ್ಬರದ ಘಾಟಿಗೇ ಇದು ಸಾಯೋದು, ತಿಳ್ಕೊಳ್ಳಿ."

ಅಷ್ಟೇ ಹೇಳಿದ. ಗೊಬ್ಬರವನ್ನು ಮೊದಲು ರಾಶಿ ಹಾಕಿ, ನೀರು ಚಿಮುಕಿಸಿ, ಬಿಸಿ ಇಳಿಯುವ ತನಕ ಮಗುಚಬೇಕು, ಬುಡದಿಂದ ದೂರಕ್ಕೆ, ಕೊಂಬೆಯ ನೆರಳು ಮುಗಿಯುವಲ್ಲಿಗೆ ಹರಡಬೇಕು ಎಂದು ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದ.

ಅಪ್ಪ ಬೇರೆ ಊರಿಗೆ ಹೋದ ದಿನ ಲಾರಿ ಬಂತು. ಹಸಿ ಗೊಬ್ಬರ, ಕಣ್ಣು ತೆರೆಯಲಾಗದ ಘಾಟು. ಘಾಟಿದ್ದಷ್ಟೂ ಒಳ್ಳೆಯದು ಎಂದು ಅಣ್ಣ ಒಂದು ಸಾಲಿಗೆ ಪೂರ್ತಿ, ಬುಡ ಮುಚ್ಚುವ ಹಾಗೆ ಸುರಿದ. ಅಪ್ಪ ಮೆಚ್ಚಲಿ ಎಂದು ಬುಡದ ಸುತ್ತ ಕೈಯಲ್ಲೇ ತಟ್ಟಿ ನುಣ್ಣಗೆ ಮಾಡಿದ.

ಎಲೆಗಳು ಸುಟ್ಟ ಕಾಗದದಂತೆ ಮುರುಟಿದವು. ಸಾಲಿಗೆ ಸಾಲೇ ಹೋಯಿತು.

ಅಪ್ಪ ಏನೂ ಕೇಳಲಿಲ್ಲ. ಸಲಿಕೆ ತಿರುಗಿಸಿ ಅದರ ಮರದ ಕಾವಿನಿಂದ ಹೊಡೆದ. ಬೆನ್ನಿಗೆ, ತೊಡೆಗೆ. ಅಣ್ಣ ತಲೆ ಉಳಿಸಿಕೊಳ್ಳಲು ಕೈ ಅಡ್ಡ ಕೊಟ್ಟ. ಮೂಳೆ ಮುರಿದದ್ದು ಬಚ್ಚಲಲ್ಲಿ ಅವಿತಿದ್ದ ಇವಳಿಗೂ ಕೇಳಿಸಿತು. ಆಮೇಲೆ ಅಪ್ಪ ಸತ್ತ ಮರಗಳ ಬುಡದಲ್ಲಿ ಮೊಣಕಾಲೂರಿ, ಬೇರು ನೋಯದ ಹಾಗೆ ಬೆರಳಿನಿಂದ ಗೊಬ್ಬರ ಬಿಡಿಸುತ್ತ ಅಳುತ್ತಿದ್ದ.

ಅಣ್ಣನ ಬಲಗೈ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತು. ಅಣ್ಣ ಮನೆ ಬಿಟ್ಟ. ಟೈರ್ ಅಂಗಡಿಯಲ್ಲಿ ಎಡಗೈಯಲ್ಲಿ ಕೆಲಸ ಕಲಿತ.

* * *

ಅವಳು ತೋಟಕ್ಕೆ ಓಡಿದಾಗ ಮೂರು ಮರ ಉರುಳಿದ್ದವು. ಹಣ್ಣುಗಳು ಕಾಲಡಿ ಜಜ್ಜಿಹೋಗಿದ್ದವು. ತೋಟದ ಅಂಚಿನಲ್ಲಿ ಅಪ್ಪನನ್ನು ಹೂಳಲು ಗುಂಡಿ ತೋಡುತ್ತಿದ್ದವನು ಕೆಲಸ ಬಿಟ್ಟು ದೂರ ಸರಿದು ನಿಂತಿದ್ದ.

"ಅಣ್ಣಾ, ಸಾಕು."

"ಅಪ್ಪ ಇವುಗಳ ಮೇಲೆ ಒಂದು ದಿನ ಕೈ ಎತ್ತಿದ್ನಾ? ಹೇಳು! ಒಂದು ಎಲೆ ಕಿತ್ರೆ ನಮ್ಮ ಕೆನ್ನೆ ಊದ್ತಿತ್ತು!"

"ನಂದೂ ಊದಿದೆ. ನೀನು ಹೋದ್ಮೇಲೆ ನಿನ್ನ ಪಾಲಿಂದೂ ನಂಗೇ ಬಿತ್ತು. ಆದ್ರೂ ಇವನ್ನ ಬಿಟ್ರೆ ನಂಗೇನಿದೆ?"

"ಅವನ ಚಾಕರಿ ಮಾಡಿ ಮಾಡಿ ನಿಂಗೂ ಗೊಬ್ಬರದ ನಾತ ಹಿಡಿದಿದೆ. ದೂರ ನಿಲ್ಲು."

ಅವಳು ನಾಲ್ಕನೆಯ ಮರವನ್ನು ತಬ್ಬಿ ನಿಂತಳು. ಅವನು ಅವಳ ಕೂದಲು ಹಿಡಿದು ಎಳೆದು ಆಚೆ ಎಸೆದ. ತುಟಿ ಒಡೆಯಿತು. ಬಾಯಲ್ಲಿ ಮಣ್ಣು ಮತ್ತು ರಕ್ತ. ಕೊಡಲಿ ಮರದ ಬುಡಕ್ಕೆ ಇಳಿಯಿತು, ಹಾಲುಬಣ್ಣದ ಚಕ್ಕೆ ಹಾರಿ ಅವಳ ಹಣೆಗೆ ಬಡಿಯಿತು.

ಗುಂಡಿಯ ಅಂಚಿನಲ್ಲಿ ಸಲಿಕೆ ಇತ್ತು. ಅವಳು ಎತ್ತಿಕೊಂಡಳು. ಯೋಚಿಸಲಿಲ್ಲ. ಅದು ತಾನಾಗಿಯೇ ಕೈಯಲ್ಲಿ ತಿರುಗಿ ಕಾವು ಮುಂದಾಯಿತು. ತಲೆಯ ಮೇಲಕ್ಕೆ ಹೋಯಿತು.

"ಅಯ್ಯೋ, ಪುಟ್ಟೀ!" ಎಂದು ಅಂಗಳದಿಂದ ಅತ್ತೆ ಕೂಗಿದಳು. "ಥೇಟ್ ನಿಮ್ಮಪ್ಪನೇ!"

ಅಣ್ಣ ತಿರುಗಿ ನೋಡಿದ. ಕೊಡಲಿ ಕೈಯಿಂದ ಜಾರಿತು. ಅಷ್ಟು ದೊಡ್ಡ ಗಂಡಸು ಅಲ್ಲೇ ಕುಕ್ಕರಿಸಿ, ಮೊಣಕಾಲುಗಳ ನಡುವೆ ತಲೆ ಹುದುಗಿಸಿ, ಎರಡೂ ತೋಳು ತಲೆಯ ಮೇಲೆ ಹೆಣೆದುಕೊಂಡ.

ಅವಳು ಸಲಿಕೆಯನ್ನು ಗುಂಡಿಯೊಳಗೆ ಎಸೆದಳು. ಅದು ಬಿದ್ದ ಸದ್ದಿಗೆ ಅವನು ಇನ್ನಷ್ಟು ಮುದುಡಿದ. ಅವಳು ಅವನ ಮುಂದೆ ಕೂತಳು. ಮುಟ್ಟಲು ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಕೈ ಇಳ್ಸು ಅಣ್ಣಾ," ಎಂದಳು.